ಮಗಳಿಗೊಂದು ಪತ್ರ: ಶಾಲು ಹೊದಿಸಿದ ಮೇಲೆ

ಮಡಿಕೇರಿ

ಪ್ರೀತಿಯ ಪುಟ್ಟಿ,

ಅಮೆರಿಕದಲ್ಲಿ ನಿನ್ನ ಆಫೀಸಿನ ಹಿರಿಯರೊಬ್ಬರ ಬೀಳ್ಕೊಡುಗೆ ಫೋಟೊಗಳನ್ನು ಅಪ್ಪ ಟಿವಿಗೆ ಹಾಕಿ ದೊಡ್ಡದಾಗಿ ತೋರಿಸಿದರು. ಒಂದು ಕೇಕು, ಒಂದು ಮರದ ಫಲಕ, ಅಷ್ಟೇ. ಹಾರ ಇಲ್ಲ, ಶಾಲು ಇಲ್ಲ. ಆ ಮನುಷ್ಯ ಕೆಲಸಕ್ಕೆ ಸೇರಿದಾಗಿನಿಂದ ಕುಡಿಯುವ ನೀರಿನ ಕಾನೂನು ಜಾರಿ ಮಾಡುತ್ತಲೇ ಬಂದರು, ಸಣ್ಣ ಸಣ್ಣ ಊರುಗಳ ನೀರಿನ ಘಟಕ ಸುತ್ತಿ ತಪಾಸಣೆ ಮಾಡಿದರು ಅಂತ ಬರೆದಿದ್ದೀಯ. ಕೊನೆಗೆ ಒಂದು ಪ್ರಶ್ನೆ ಬೇರೆ: "ನಮ್ಮ ಕೊಡಗಲ್ಲಿ ಇಂಥವರಿಗೆ ಏನು ಮಾಡ್ತಾರಮ್ಮ?"

ಸನ್ಮಾನ ಮಾಡುತ್ತಾರೆ, ಇನ್ನೇನು! ಹೋದ ತಿಂಗಳು ನಾನೇ ಒಂದಕ್ಕೆ ಹೋಗಿ ಬಂದೆ. ಇಲ್ಲೇ ಹತ್ತಿರದ ಒಂದು ಪಂಚಾಯಿತಿಯ ನೀರುಗಂಟಿ ಕೆಲಸ ಬಿಟ್ಟರು. ವಯಸ್ಸಾಯಿತು, ಮಂಡಿ ನೋವು, ಟ್ಯಾಂಕಿನ ಏಣಿ ಹತ್ತಲು ಆಗುವುದಿಲ್ಲ. ಅವರಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ನೀರಿನ ಲ್ಯಾಬಿನಲ್ಲಿ ಇದ್ದವರು ಅಂತ ನನ್ನನ್ನೂ ಕರೆದು ಎರಡು ಮಾತಾಡಿ ಅಂದರು. ಮಾತಾಡಿದವರೆಲ್ಲ ಹೇಳಿದ್ದು ಒಂದೇ, ನಿಸ್ವಾರ್ಥ ಸೇವೆ. ಕೇಳಿ ಕೇಳಿ ನನಗೆ ಕಿರಿಕಿರಿಯಾಯಿತು. ಸಂಬಳ ತಿಂಗಳುಗಟ್ಟಲೆ ತಡ ಮಾಡಿ ಕೊಟ್ಟವರೂ ಅದೇ ವೇದಿಕೆಯಲ್ಲಿ ಇದ್ದರು. ಅಲ್ಲಿ ಹೇಳಲಾಗದ್ದನ್ನು ನಿನಗೆ ಬರೆಯುತ್ತೇನೆ. ಈ ವಿಷಯ ಅರ್ಥವಾಗುವವಳು ಮನೆಯಲ್ಲಿ ನೀನೊಬ್ಬಳೇ.

ನೀರುಗಂಟಿ ಅಂದರೆ ಮೋಟಾರ್ ಹಾಕುವವರು, ವಾಲ್ವ್ ತಿರುಗಿಸುವವರು ಅಂತ ಜನ ತಿಳಿದಿದ್ದಾರೆ. ನಾನು ಅವರನ್ನು ಗುರುತಿಸಿದ್ದು ಬ್ಲೀಚಿಂಗ್ ಪೌಡರ್ ವಿಷಯದಲ್ಲಿ. ನಮ್ಮ ಮಳೆಗಾಲ ನಿನಗೆ ಗೊತ್ತಲ್ಲ, ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಆ ತೇವದಲ್ಲಿ ಪೌಡರ್ ಚೀಲದ ಬಾಯಿ ತೆರೆದಿಟ್ಟರೆ ಕ್ಲೋರಿನ್ ಹೋಗಿ ಬರೀ ಸುಣ್ಣದ ಪುಡಿ ಉಳಿಯುತ್ತದೆ. ಹೊಸ ಪೌಡರಿನಲ್ಲಿ ಶೇಕಡ 33ರಷ್ಟು ಕ್ಲೋರಿನ್ ಸಿಗುತ್ತದೆ ಅಂತಿಟ್ಟುಕೋ. 10,000 ಲೀಟರ್ ಟ್ಯಾಂಕಿಗೆ, ಲೀಟರಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ, 30 ಗ್ರಾಂ ಸಾಕು. ಪೌಡರಿನ ಶಕ್ತಿ ಶೇಕಡ 10ಕ್ಕೆ ಇಳಿದಿದ್ದರೆ 100 ಗ್ರಾಂ ಬೇಕು. ರಿಜಿಸ್ಟರಿನಲ್ಲಿ 30 ಗ್ರಾಂ ಹಾಕಿದೆ ಅಂತ ಬರೆದಿರುತ್ತದೆ. ಅದು ಸುಳ್ಳೂ ಅಲ್ಲ. ಆದರೆ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ.

ಈ ಮನುಷ್ಯ 25 ಕೆಜಿ ಚೀಲ ಬಂದ ದಿನವೇ ಅದನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ತುಂಬಿ, ಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯುತ್ತಿದ್ದರು. ಪೌಡರನ್ನು ನೇರವಾಗಿ ಟ್ಯಾಂಕಿಗೆ ಸುರಿಯುತ್ತಿರಲಿಲ್ಲ. ಬಕೆಟಿನಲ್ಲಿ ಕಲಸಿ, ಗಸಿ ಕೂರಲು ಬಿಟ್ಟು, ಮೇಲಿನ ತಿಳಿ ಮಾತ್ರ ಹಾಕುತ್ತಿದ್ದರು. ಆಮೇಲೆ ಅರ್ಧ ಗಂಟೆ ವಾಲ್ವ್ ಮುಟ್ಟುತ್ತಿರಲಿಲ್ಲ. ಕೆಳಗೆ ಹೆಂಗಸರು ಕೊಡ ಇಟ್ಟು ಕೂಗಿದರೂ ಅಷ್ಟೇ. ಕ್ಲೋರಿನ್ ಕೆಲಸ ಮಾಡಲು ಆ ಹೊತ್ತು ಬೇಕು ಅಂತ ಯಾವುದೋ ಒಂದು ದಿನದ ತರಬೇತಿಯಲ್ಲಿ ಕೇಳಿದ್ದರಂತೆ. ಕೇಳಿದ್ದನ್ನು ಬಿಡಲಿಲ್ಲ. ಪಂಚಾಯಿತಿಗೆ ತಕರಾರು ಹೋಯಿತು, ಬೈಸಿಕೊಂಡರು, ಮರುದಿನ ಮತ್ತೆ ಅರ್ಧ ಗಂಟೆ ಕಾಯಿಸಿದರು. ಲ್ಯಾಬಿಗೆ ಅವರ ಊರಿನ ಸ್ಯಾಂಪಲ್ ಬಂದರೆ ನಮ್ಮ ಹುಡುಗಿಯರು "ಇದೇನು ನೋಡೋದು ಮೇಡಂ, ಪಾಸ್" ಅನ್ನುತ್ತಿದ್ದರು. ನೋಡಿಯೇ ಬರೆಯಿರಿ ಅಂತ ನಾನು ಗದರುತ್ತಿದ್ದೆ, ಅದು ಬೇರೆ ಮಾತು.

ನಿಮ್ಮ ದೇಶದಲ್ಲೂ ಶುರುವಾಗಿದ್ದು ಇದೇ ಪುಡಿಯಿಂದ ಅಲ್ವಾ? ನ್ಯೂಜೆರ್ಸಿಯ ಜೆರ್ಸಿ ಸಿಟಿಯವರು ನೀರಿನ ಕಂಪನಿ ಮೇಲೆ ಕೇಸು ಹಾಕಿದ್ದರು, ಒಪ್ಪಂದದಲ್ಲಿ ಹೇಳಿದಷ್ಟು ಶುದ್ಧ ನೀರು ಬರುತ್ತಿಲ್ಲ ಅಂತ. ಕಂಪನಿಗೆ ಸಲಹೆಗಾರರಾಗಿದ್ದ ಡಾಕ್ಟರ್ ಜಾನ್ ಲೀಲ್ 1908ರ ಸೆಪ್ಟೆಂಬರ್ 26ರಿಂದ ಬೂಂಟನ್ ಜಲಾಶಯದ ನೀರಿಗೆ ಬ್ಲೀಚಿಂಗ್ ಪೌಡರ್ ದ್ರಾವಣ ಹಾಕಿಸಿದರು. ನೀರಿಗೆ ವಿಷ ಹಾಕಿದರು ಅಂತ ಜನ ಹೆದರುತ್ತಿದ್ದ ಕಾಲ ಅದು. ಮತ್ತೆ ವಿಚಾರಣೆ ನಡೆದು, ಈ ವಿಧಾನ ಸುರಕ್ಷಿತ ಅಂತ 1910ರಲ್ಲಿ ತೀರ್ಮಾನವಾಯಿತು. ಆಮೇಲೆ ಊರೂರಿಗೂ ಹಬ್ಬಿತು. ನಮ್ಮ ನೀರುಗಂಟಿಗೆ ಈ ಕಥೆ ಹೇಳಿದ್ದೆ. "ಅವರಿಗೂ ಬೈದಿದ್ರಾ?" ಅಂತ ಕೇಳಿ ಬಹಳ ಖುಷಿಪಟ್ಟರು.

ಈಗ ಕಾನೂನಿನ ವಿಷಯ. ನಿಮ್ಮ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆಗೆ ಅಧ್ಯಕ್ಷ ಫೋರ್ಡ್ ಸಹಿ ಹಾಕಿದ್ದು 1974ರ ಡಿಸೆಂಬರ್ 16ರಂದು. ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ದೇಶದಲ್ಲೂ ಒಂದು ಜಲ ಕಾಯ್ದೆ ಬಂತು. ಒಂದೇ ವರ್ಷ, ಆದರೆ ದಾರಿ ಬೇರೆ. ನಮ್ಮದು ಹೊಳೆಗೆ ಕೊಳೆ ಬಿಡುವವರನ್ನು ಹಿಡಿಯುವ ಕಾಯ್ದೆ. ಮಾಲಿನ್ಯ ನಿಯಂತ್ರಣ ಮಂಡಳಿಗಳು ಹುಟ್ಟಿದ್ದು ಅದರಿಂದ. ನಿಮ್ಮದು ನಲ್ಲಿಯಲ್ಲಿ ಬರುವ ನೀರಿಗೆ ಜವಾಬ್ದಾರಿ ಹೊರಿಸುವ ಕಾಯ್ದೆ. ಅಳತೆ ಮೀರಿದರೆ ನೀರು ಕೊಡುವವನು ಜನರಿಗೆ ತಿಳಿಸಬೇಕು, ಸರಿಪಡಿಸಬೇಕು, ಇಲ್ಲದಿದ್ದರೆ ದಂಡ ಕಟ್ಟಬೇಕು.

ನಮ್ಮಲ್ಲಿ ಅಳತೆ ಇಲ್ಲ ಅಂತಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಅನ್ನುವ ಮಾನಕ ಇದೆ. 1983ರಲ್ಲಿ ಬಂತು, 2012ರಲ್ಲಿ ಎರಡನೇ ಸಲ ಪರಿಷ್ಕರಣೆ ಆಯಿತು. ನನ್ನ ಮೇಜಿನ ಗಾಜಿನ ಕೆಳಗೆ ಅದರ ಕೋಷ್ಟಕ ಇರುತ್ತಿತ್ತು. ನೀನು ಹೋಂವರ್ಕ್ ಮಾಡುತ್ತಾ ಅದನ್ನು ಓದಿ ಬಾಯಿಪಾಠ ಮಾಡಿದ್ದೆ. ಲೀಟರಿಗೆ ಕ್ಲೋರಿನ್ ಕನಿಷ್ಠ 0.2 ಮಿಲಿಗ್ರಾಂ. ನೈಟ್ರೇಟ್ 45 ದಾಟಬಾರದು. 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಇ-ಕೋಲೈ ಕ್ರಿಮಿ ಒಂದೂ ಕಾಣಬಾರದು. ಕೆಲವಕ್ಕೆ ಎರಡನೇ ಕಾಲಂ ಇದೆ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಸಹಿಸಬಹುದಾದ ಮಿತಿ. ಕರಗಿದ ಲವಣ 500ರ ಬದಲು 2000 ಆದರೂ ಸರಿ. ನೈಟ್ರೇಟಿಗೂ ಇ-ಕೋಲೈಗೂ ಆ ರಿಯಾಯಿತಿ ಇಲ್ಲ. ಕೋಷ್ಟಕ ಚೆನ್ನಾಗಿದೆ. ಆದರೆ ಪಂಚಾಯಿತಿಯೋ ನಗರಸಭೆಯೋ ಇದನ್ನು ಪಾಲಿಸದಿದ್ದರೆ ಶಿಕ್ಷೆ ಕೊಡುವ ಕಾನೂನು ಇಲ್ಲ. ಶುದ್ಧ ನೀರು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆದರೂ ನನ್ನ ಲ್ಯಾಬಿನಿಂದ "ಕುಡಿಯಲು ಯೋಗ್ಯವಲ್ಲ" ಅಂತ ವರದಿ ಹೋದರೆ, ಮುಂದಿನದು ಅದು ಯಾರ ಮೇಜಿಗೆ ಹೋಯಿತು ಅನ್ನುವುದರ ಮೇಲೆ. ಒಬ್ಬರು ಅದೇ ದಿನ ಜೀಪು ಹತ್ತುತ್ತಿದ್ದರು. ಇನ್ನೊಬ್ಬರು ಫೈಲಿಗೆ ಹಾಕಿ ದಾರ ಕಟ್ಟುತ್ತಿದ್ದರು. ಇಬ್ಬರೂ ಪೂರ್ತಿ ಪಿಂಚಣಿ ತೆಗೆದುಕೊಂಡು ಮನೆಗೆ ಹೋದರು.

ಅದಕ್ಕೇ ಸನ್ಮಾನದಲ್ಲಿ ನನಗೆ ಸಮಾಧಾನ ಇರಲಿಲ್ಲ. ಒಳ್ಳೆಯವರೊಬ್ಬರಿಗೆ ಶಾಲು ಹೊದಿಸಿದರೆ ಅವರಿಗೆ ಸಂತೋಷ, ನಮಗೂ ಸಂತೋಷ. ಅವರ ಜಾಗಕ್ಕೆ ಬರುವವನು ಪೌಡರ್ ಚೀಲ ಬಾಯಿ ತೆರೆದಿಟ್ಟರೆ? ಅವನನ್ನು ಕೇಳುವ ನಿಯಮ ಯಾವುದು? ನೀರು ಸರಿಯಾಗಿದ್ದರೆ ಯಾರಿಗೂ ಏನೂ ಆಗುವುದಿಲ್ಲ. ಏನೂ ಆಗದ ದಿನಗಳನ್ನು ಯಾರೂ ಎಣಿಸುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಒಳ್ಳೆಯವನಿಗೂ ಸೋಮಾರಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದೇ ಇಲ್ಲ, ಯಾರೋ ನಲ್ಲಿ ನೀರು ಪರೀಕ್ಷೆ ಮಾಡುವ ತನಕ.

ಕಾನೂನು ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ನಾನು ನಂಬಿಲ್ಲ. ಫ್ಲಿಂಟ್ ಊರು ನಿಮ್ಮಲ್ಲೇ ಇದೆ. 2014ರಲ್ಲಿ ದುಡ್ಡು ಉಳಿಸಲು ಬೇರೆ ಹೊಳೆಯ ನೀರು ಬಿಟ್ಟು, ಪೈಪು ಕೊರೆಯದ ಹಾಗೆ ಹಾಕಬೇಕಾದ ಔಷಧ ಹಾಕದೆ, ಮನೆಮನೆಗೆ ಸೀಸ ಕುಡಿಸಿದರು. ಕಾನೂನು ಇತ್ತು, ಅಧಿಕಾರಿಗಳೂ ಇದ್ದರು. ಆದರೆ ಜನ ಅದೇ ಕಾಯ್ದೆ ಹಿಡಿದು ಕೋರ್ಟಿಗೆ ಹೋದರು. 2017ರ ಒಪ್ಪಂದದಲ್ಲಿ ಸೀಸದ ಪೈಪ್ ಬದಲಿಸುವ ಹೊಣೆ ಸರ್ಕಾರದ ಮೇಲೆ ಬಿತ್ತು. ನಮ್ಮ ಊರಿನ ಒಬ್ಬ ಹೆಂಗಸು ಹಾಗೆ ಹೋಗಬೇಕು ಅಂದರೆ ಯಾವ ಕಾಯ್ದೆಯ ಯಾವ ಸೆಕ್ಷನ್ ತೋರಿಸಬೇಕು? ನನಗೆ ಆ ವ್ಯತ್ಯಾಸ ಸಣ್ಣದು ಅನ್ನಿಸುವುದಿಲ್ಲ.

ಕೊಡಗಿನಲ್ಲಿ ಇನ್ನೊಂದು ತೊಂದರೆ. ಕಾವೇರಿ ಹುಟ್ಟುವ ನಾಡು ಅಲ್ವಾ, ಇಲ್ಲಿಯ ನೀರಿಗೆ ಪರೀಕ್ಷೆ ಯಾಕೆ ಅನ್ನುತ್ತಾರೆ. "ನಮ್ಮ ತೋಟದ ಒರತೆ ನೀರು ಅಮೃತ, ನಿಮ್ಮ ನಲ್ಲಿ ನೀರು ಆಸ್ಪತ್ರೆ ವಾಸನೆ." ಎಷ್ಟು ಮನೆಯಲ್ಲಿ ಈ ಮಾತು ಕೇಳಿದ್ದೇನೋ. ತುಲಾ ಸಂಕ್ರಮಣದ ತೀರ್ಥ ನಮ್ಮ ದೇವರ ಕೋಣೆಯಲ್ಲೂ ಇದೆ. ಅದನ್ನು ನಾನು ಲ್ಯಾಬಿಗೆ ಒಯ್ದಿಲ್ಲ, ಒಯ್ಯುವುದೂ ಇಲ್ಲ. ಆದರೆ ಒರತೆಯ ಮೇಲ್ಗಡೆ ತೋಟದ ಕೆಲಸಗಾರರ ಲೈನ್‌ಮನೆಯ ಕಕ್ಕಸು ಗುಂಡಿ ಇದ್ದರೆ ಅಮೃತಕ್ಕೂ ಕ್ಲೋರಿನ್ ಬೇಕು. ಈಗ ಕಾಫಿ ಕೊಯ್ಲಿನ ಕಾಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರನ್ನು ಗುಂಡಿಯಲ್ಲಿ ನಿಲ್ಲಿಸದೆ ತೋಡಿಗೆ ಬಿಟ್ಟರೆ ಹೊಳೆ ಕಂದಾಗಿ ಹುಳಿ ವಾಸನೆ ಬರುತ್ತದೆ, ಮೀನು ಉಸಿರು ಸಿಗದೆ ಸಾಯುತ್ತದೆ. ಆ ಹೊಳೆಯ ಕೆಳಗೂ ನೀರು ಎತ್ತುವ ಊರುಗಳಿವೆ. ಲೈನ್‌ಮನೆಯವರ ನೀರು ಇನ್ನೂ ಬೇರೆ ಕಥೆ. ತೋಟದ ಕೆಲಸಗಾರರಿಗೆ ಒಳ್ಳೆಯ ಕುಡಿಯುವ ನೀರು ಕೊಡುವುದು ಮಾಲೀಕರ ಹೊಣೆ ಅಂತ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯಲ್ಲೇ ಬರೆದರು. ಒಳ್ಳೆಯದು ಅಂದರೆ ಎಷ್ಟು ಅಂತ ಅಲ್ಲಿ ಅಂಕಿ ಇರಲಿಲ್ಲ. ಲೈನ್‌ಮನೆಯಿಂದ ನಮ್ಮ ಲ್ಯಾಬಿಗೆ ತಾವಾಗಿ ಸ್ಯಾಂಪಲ್ ತಂದವರನ್ನು ನಾನು ಕಂಡಿದ್ದು ಕಡಿಮೆ.

2018ರ ಆಗಸ್ಟ್ ನಿನಗೆ ನೆನಪಿದೆ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜಾರಿ ಜನ ಕ್ಯಾಂಪಿಗೆ ಬಂದಾಗ ನೀನು ಬಟ್ಟೆ ಹಂಚಲು ಓಡಾಡುತ್ತಿದ್ದೆ. ನಾವು ಟ್ಯಾಂಕರ್ ಹಿಂದೆ ಓಡುತ್ತಿದ್ದೆವು. ಹೊಳೆ ನೀರು ಕೆಂಪು ಕೆಸರು. ಅಷ್ಟು ಕದಡಿದ ನೀರಿನ ಕೆಸರು ಕೂರಿಸಲು ಆಲಂ ಜಾಸ್ತಿ ಬೇಕು. ನಮ್ಮದು ಮೆದು ನೀರು, ಆಲಂ ಹಾಕಿದರೆ ಹುಳಿಯಾಗಿ ಬಿಡುತ್ತದೆ, ಗಸಿ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಜೊತೆಗೆ ಸುಣ್ಣ. ಬಯಲುಸೀಮೆಯಿಂದ ಬಂದ ಎಂಜಿನಿಯರುಗಳಿಗೆ ಇದು ಬೇಗ ಹೊಳೆಯುತ್ತಿರಲಿಲ್ಲ, ಅವರ ನೀರು ಗಡಸು. ಕದಡಿದ ನೀರಿಗೆ ಬರೀ ಕ್ಲೋರಿನ್ ಸುರಿದರೆ ಮಣ್ಣೇ ಅದನ್ನು ತಿಂದುಹಾಕುತ್ತದೆ. ವೈರಸ್ ಭಯ ಇರುವಾಗ ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿಯಬೇಕು ಅಂತ ನಮ್ಮ ಮಾನಕದಲ್ಲೇ ಇದೆ. ಆ ನೀರುಗಂಟಿ ಅವರ ಊರು ಬಿಟ್ಟು ಬಂದು ಒಂದು ಕ್ಯಾಂಪಿನ ಟ್ಯಾಂಕಿನ ಹತ್ತಿರವೇ ಮಲಗುತ್ತಿದ್ದರು. ಯಾರೂ ಹೇಳಿರಲಿಲ್ಲ.

ಬದಲಾಗಿಲ್ಲ ಅಂತಲ್ಲ. 2019ರಲ್ಲಿ ಜಲಜೀವನ್ ಮಿಷನ್ ಬಂದ ಮೇಲೆ ಪ್ರತಿ ಹಳ್ಳಿಯಲ್ಲಿ 5 ಹೆಂಗಸರಿಗೆ ಕಿಟ್‌ನಲ್ಲಿ ನೀರು ನೋಡುವ ತರಬೇತಿ ಕೊಡಬೇಕು ಅಂತ ಆಯಿತು. ನಾನೂ ಕಲಿಸಿದೆ. ಕ್ರಿಮಿ ಇದ್ದರೆ ಕಪ್ಪಾಗುವ ಬಾಟಲಿ ಇದೆಯಲ್ಲ, ಅದನ್ನು ಕಂಡುಹಿಡಿದವರು ನಮ್ಮವರೇ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಮಾಂಜ ಮತ್ತು ಜೊತೆಯವರು 1982ರಲ್ಲಿ ಪ್ರಕಟಿಸಿದ್ದು. ನಮ್ಮ ಚಳಿಗೆ ಅದು ಕಪ್ಪಾಗುವುದು ತಡ. ಒಂದೇ ದಿನಕ್ಕೆ ನೋಡಿ ಎಸೆಯಬೇಡಿ, ಬೆಚ್ಚಗಿನ ಜಾಗದಲ್ಲಿ ಇಡಿ ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ಆ ಹೆಂಗಸರು ಪ್ರಶ್ನೆ ಕೇಳುತ್ತಾರೆ ಪುಟ್ಟಿ. ಆಫೀಸರುಗಳಿಗಿಂತ ಚೆನ್ನಾಗಿ ಕೇಳುತ್ತಾರೆ. "ಕಪ್ಪಾದ ಮೇಲೆ ಯಾರಿಗೆ ಫೋನ್ ಮಾಡೋದು, ಅವರು ಬರದಿದ್ದರೆ?" ಅಂತ ಒಬ್ಬಾಕೆ ಕೇಳಿದಳು. ಮೊದಲ ಅರ್ಧಕ್ಕೆ ನನ್ನ ಹತ್ತಿರ ಉತ್ತರ ಇತ್ತು.

ವೇದಿಕೆಯಲ್ಲಿ ನಾನು ಕೊನೆಗೆ ಇಷ್ಟೇ ಹೇಳಿದೆ: ಇವರ ರಿಜಿಸ್ಟರನ್ನು ರದ್ದಿಗೆ ಹಾಕಬೇಡಿ, ಹೊಸಬನಿಗೆ ಓದಲು ಕೊಡಿ. ಮತ್ತೆ ಬಾಕಿ ಸಂಬಳ ಕೊಟ್ಟುಬಿಡಿ. ಚಪ್ಪಾಳೆ ಎರಡನೆಯದಕ್ಕೇ ಜಾಸ್ತಿ ಬಂತು.

ನಿನ್ನಿಂದ ಒಂದು ಕೆಲಸ ಆಗಬೇಕು. ನಿಮ್ಮಲ್ಲಿ 1996ರ ತಿದ್ದುಪಡಿಯಿಂದ ನೀರಿನ ಘಟಕ ನಡೆಸುವವರು ಪರೀಕ್ಷೆ ಪಾಸಾಗಿ ಲೈಸೆನ್ಸ್ ಇಟ್ಟುಕೊಳ್ಳಬೇಕಲ್ಲ? ಇಲ್ಲಿ ಬಸ್ ಓಡಿಸಲು ಲೈಸೆನ್ಸ್ ಬೇಕು, ಊರಿಗೆಲ್ಲ ನೀರು ಕುಡಿಸಲು ಬೇಡ. ಆ ಪರೀಕ್ಷೆಗೆ ಓದುವ ಪುಸ್ತಕ, ಹಳೆಯ ಪ್ರಶ್ನೆಗಳು ಸಿಕ್ಕಿದ್ದನ್ನು ಕಳಿಸು. ಅತಿ ಸಣ್ಣ ಘಟಕದವರ ಮಟ್ಟದ್ದು ಸಾಕು. ಹೊಸ ನೀರುಗಂಟಿ ಹುಡುಗನೂ ಅಕ್ಕಪಕ್ಕದ ಪಂಚಾಯಿತಿಯವರೂ ಭಾನುವಾರ ಬರುತ್ತೇವೆ ಅಂದಿದ್ದಾರೆ. ಪಾಠಕ್ಕೆ ಹಳೆಯ ನೀರುಗಂಟಿಯನ್ನೂ ಕೂರಿಸಿಕೊಳ್ಳುತ್ತೇನೆ, ಬಕೆಟಿನಲ್ಲಿ ಕಲಸುವುದನ್ನು ಅವರೇ ತೋರಿಸಲಿ. ಅವರಿಗೆ ದಿನಗೂಲಿ ಕೊಡಿ ಅಂತ ಪಂಚಾಯಿತಿಗೆ ಅರ್ಜಿ ಬರೆದಿದ್ದೇನೆ. ಪುಸ್ತಕದಲ್ಲಿ ಗ್ಯಾಲನ್ ಲೆಕ್ಕ ಇದ್ದರೂ ಪರವಾಗಿಲ್ಲ, ಲೀಟರಿಗೆ ನಾನೇ ಮಾಡಿಕೊಳ್ಳುತ್ತೇನೆ. ಕಾಫಿ ಪುಡಿ, ಕಾಚಂಪುಳಿ ಪಾರ್ಸೆಲ್ ಮುಂದಿನ ವಾರ ಹೊರಡುತ್ತದೆ, ಅಪ್ಪ ಪ್ಯಾಕ್ ಮಾಡುತ್ತಿದ್ದಾರೆ.

ನಿನ್ನ ಅಮ್ಮ