ಮತ ಹಾಕುವ ಮುನ್ನ ಬಿಲ್ಡರ್ ಲೆಕ್ಕ ಬಹಿರಂಗವಾಗಲಿ

ನಮ್ಮ ವಾರ್ಡಿನ ಮಾನ್ಯ ಸದಸ್ಯರಿಗೆ,

ನಮ್ಮ ಹಳೆಯ ವಸತಿ ಸಮುಚ್ಚಯವನ್ನು ಕೆಡವಿ ಅಲ್ಲಿ ಬಹುಮಹಡಿ ಕಟ್ಟಡ ಎಬ್ಬಿಸುವ ಪ್ರಸ್ತಾವ ಸದ್ಯದಲ್ಲೇ ನಿಮ್ಮ ಸಭೆಯ ಮುಂದೆ ಬರಲಿದೆ. ಅದನ್ನು ತಿರಸ್ಕರಿಸಿ ಎಂದು ನಾವು ಕೇಳುತ್ತಿಲ್ಲ. ಸೋರುವ ಚಾವಣಿಯಡಿ ಬದುಕುವವರಿಗೆ ಹೊಸ ಮನೆ ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಬಿಲ್ಡರ್ ಸಲ್ಲಿಸಿರುವ ಖರ್ಚು-ಲಾಭದ ಲೆಕ್ಕ ಜನರ ಕೈಗೆ ಸಿಗುವವರೆಗೆ ಮತ ಹಾಕಬೇಡಿ ಎಂಬುದಷ್ಟೇ ನಮ್ಮ ಕೋರಿಕೆ.

ಮನೆಮನೆಗೆ ಹಂಚಿದ ಬಣ್ಣದ ಕರಪತ್ರವನ್ನು ನೀವೂ ನೋಡಿರುತ್ತೀರಿ. ‘ಎಲ್ಲರ ಕೈಗೆಟುಕುವ ಮನೆಗಳು’ ಎಂಬ ದಪ್ಪಕ್ಷರದ ಸಾಲಿನ ತುದಿಯಲ್ಲಿ ಒಂದು ನಕ್ಷತ್ರ ಚಿಹ್ನೆಯಿದೆ; ಅದರ ಜಾಡು ಹಿಡಿದು ಪುಟದ ಅಂಚಿಗೆ ಇಳಿದರೆ, ಕನ್ನಡಕ ಹಾಕಿಕೊಂಡರೂ ತಡಕಾಡಬೇಕಾದ ಅಕ್ಷರಗಳಲ್ಲಿ ‘ಯೋಜನೆಯ ಆರ್ಥಿಕ ಕಾರ್ಯಸಾಧ್ಯತೆಗೆ ಒಳಪಟ್ಟು’ ಎಂದಿದೆ. ಅಂದರೆ, ಬಿಲ್ಡರ್ ಲೆಕ್ಕದಲ್ಲಿ ಗಿಟ್ಟಿದರೆ ಮಾತ್ರ ಆ ಮನೆಗಳು. ನಮ್ಮ ಭವಿಷ್ಯವೆಲ್ಲ ಆ ಸಾಲಿನಲ್ಲೇ ಇದೆ.

ಅದು ಹೇಗೆಂಬುದಕ್ಕೆ ಒಂದು ಉದಾಹರಣೆ ನೋಡಿ. ಲಂಡನ್ನಿನ ಸದರ್ಕ್‌ ಪ್ರದೇಶದಲ್ಲಿ ಹೇಗೇಟ್ ಎಂಬ ಪೌರಾಡಳಿತದ ವಸತಿ ಸಮುಚ್ಚಯವಿತ್ತು. ಅಲ್ಲಿನ ಸುಮಾರು 1,200 ಮನೆಗಳನ್ನು ಕೆಡವಿ ಅದರ ದುಪ್ಪಟ್ಟಿಗೂ ಹೆಚ್ಚು ಮನೆಗಳನ್ನು ಕಟ್ಟುವ ಯೋಜನೆಗೆ ಅನುಮತಿ ಸಿಕ್ಕಾಗ, ಹಳೆಯ ನಿವಾಸಿಗಳು ತೆರಬಲ್ಲ ಸಾಮಾಜಿಕ ಬಾಡಿಗೆಗೆಂದು ಅದರಲ್ಲಿ ಉಳಿದದ್ದು ನೂರಕ್ಕೂ ಕಡಿಮೆ. ಕೈಗೆಟುಕುವ ಮನೆಗಳು ಶೇ. 35ರಷ್ಟಿರಬೇಕೆಂಬುದು ಅಲ್ಲಿನ ಆಡಳಿತದ್ದೇ ನಿಯಮವಾಗಿದ್ದರೂ, ಅಷ್ಟು ಕೊಟ್ಟರೆ ಗಿಟ್ಟುವುದಿಲ್ಲವೆಂಬ ಲೆಕ್ಕ ತೋರಿಸಿ ಅದನ್ನು ಶೇ. 25ಕ್ಕೆ ಇಳಿಸಲಾಯಿತು. ವ್ಯಾಪಾರದ ಗುಟ್ಟೆಂದು ಮುಚ್ಚಿಟ್ಟಿದ್ದ ಆ ಲೆಕ್ಕದ ಬಹುಭಾಗವನ್ನು ಬಹಿರಂಗಪಡಿಸುವಂತೆ ಮಾಹಿತಿ ಹಕ್ಕಿನ ನ್ಯಾಯಮಂಡಳಿ ಆದೇಶಿಸಿದ್ದು 2014ರಲ್ಲಿ; ಅಷ್ಟರಲ್ಲಿ ಅನುಮತಿ ಕೊಟ್ಟಾಗಿತ್ತು. ಇಂಥ ಲೆಕ್ಕಗಳು ಸಾರ್ವಜನಿಕವಾಗಿರಬೇಕೆಂದು ಇಂಗ್ಲೆಂಡಿನ ಯೋಜನಾ ನೀತಿಯೇ 2018ರಲ್ಲಿ ಹೇಳಿತು.

ಲೆಕ್ಕ ಕೆಡುವುದು ಹೇಗೆಂಬುದು ನಿಮಗೆ ತಿಳಿಯದ್ದೇನಲ್ಲ. ಭೂಬಳಕೆಯ ನಿಯಮ ಹೇಗಿದ್ದರೂ ಸಡಿಲವಾಗುತ್ತದೆಂಬ ಭರವಸೆಯಲ್ಲಿ ಬಿಲ್ಡರ್ ಜಮೀನಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಆಮೇಲೆ ಅದೇ ಬೆಲೆಯನ್ನು ಮುಂದಿಟ್ಟು, ಅಗ್ಗದ ಮನೆ ಕಟ್ಟಲು ಹಣ ಉಳಿಯುವುದಿಲ್ಲವೆನ್ನುತ್ತಾರೆ. ಲಾಭವನ್ನು ಮೊದಲೇ ಎತ್ತಿಟ್ಟ ಮೇಲೆ ಕಡಿತ ಬೀಳುವುದು ಬಡವರ ಪಾಲಿಗೇ. ಅತಿಯಾಸೆಗೆ ತೆತ್ತ ಬೆಲೆಯನ್ನು ಬಾಡಿಗೆದಾರರೇಕೆ ಭರಿಸಬೇಕು?

‘ಕೈಗೆಟುಕುವ’ ದರವೆಂದರೆ ಎಷ್ಟೆಂಬುದೂ ಅದೇ ಲೆಕ್ಕದಲ್ಲಿರಲಿ. ಇಂಗ್ಲೆಂಡಿನಲ್ಲಿ ಮಾರುಕಟ್ಟೆ ಬಾಡಿಗೆಯ ಶೇ. 80ರವರೆಗಿನ ಬಾಡಿಗೆಯೂ ಆ ಹೆಸರಿನಲ್ಲಿ ನಡೆಯುತ್ತದೆ. ಹೊಸ ಕಟ್ಟಡ ಬಂದು ಸುತ್ತಲಿನ ಬಾಡಿಗೆಯೇ ಏರಿದರೆ ಅದರ ಶೇ. 80ರಷ್ಟೂ ನಮಗೆ ದುಬಾರಿಯೇ. ಆದ್ದರಿಂದ ಬಾಡಿಗೆಯನ್ನು ಇಲ್ಲಿನ ಕುಟುಂಬಗಳ ಆದಾಯಕ್ಕೆ ಹೊಂದಿಸಬೇಕು.

ಕರಪತ್ರದಲ್ಲಿ ಪರಿಹಾರದ ಮಾತಿರುವುದು ಮನೆ ಮಾಲೀಕರಿಗೆ ಮಾತ್ರ. ಬಾಡಿಗೆಗಿರುವವರ, ನೆಲಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುವವರ ಸುದ್ದಿಯೇ ಇಲ್ಲ. ಅವರು ಮರಳಿ ಬರುವ ಹಕ್ಕು ನೋಂದಾಯಿತ ಕರಾರಿನಲ್ಲಿ ಸೇರಬೇಕು. ಯೋಜನೆ ಮುಂದೆ ಬೇರೆಯವರಿಗೆ ಮಾರಾಟವಾದರೆ ಅವರಿಗೂ ಅದು ಅನ್ವಯಿಸಬೇಕು. ಸಭೆಯಲ್ಲಿ ಕೊಡುವ ಬಾಯಿಮಾತಿನ ಆಶ್ವಾಸನೆ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಜಮೀನಿನ ಬೆಲೆ, ನಿರ್ಮಾಣ ವೆಚ್ಚ, ನಿರೀಕ್ಷಿತ ಮಾರಾಟ ದರ ಮತ್ತು ಲಾಭ, ಈ ನಾಲ್ಕನ್ನೂ ಸಭೆಗೆ ಕನಿಷ್ಠ ಮೂವತ್ತು ದಿನ ಮೊದಲು ಪ್ರಕಟಿಸಲು ಸೂಚಿಸಿ, ಅದನ್ನು ಸ್ವತಂತ್ರ ಮೌಲ್ಯಮಾಪಕರಿಂದ ಬಿಲ್ಡರ್ ಖರ್ಚಿನಲ್ಲೇ ಪರಿಶೀಲನೆ ಮಾಡಿಸಬೇಕೆಂದು ಕೋರುತ್ತೇವೆ. ಅಷ್ಟು ಆಗದಿದ್ದರೆ ವಿಷಯವನ್ನು ಮುಂದೂಡುವ ನಿರ್ಣಯವನ್ನು ನೀವೇ ಮಂಡಿಸುವಿರಾ ಎಂಬುದಕ್ಕೆ ತಮ್ಮಿಂದ ಲಿಖಿತ ಉತ್ತರವನ್ನು ಎದುರುನೋಡುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಸಮುಚ್ಚಯದ ಬಾಡಿಗೆದಾರರ ಪರವಾಗಿ ಒಬ್ಬ ನಿವಾಸಿ