ಮಗಳಿಗೊಂದು ಪತ್ರ: 11ನೇ ಎಕ್ಸಾನ್

ಪುಟ್ಟಿ,

ಅಮ್ಮನ ಮೇಲೆ ಸಿಟ್ಟು ಬೇಡ, ಮುಚ್ಚಿಟ್ಟವನು ನಾನು. ಅಣ್ಣ ಜ್ವರದಿಂದ ಹೋದ ಅಂದದ್ದು ಸುಳ್ಳು. ಅದು ಟೇ-ಸ್ಯಾಕ್ಸ್, ಅಪ್ಪ ಅಮ್ಮನ ಜೀನಿನಿಂದ ಬಂದು ಮಗುವಿನ ನರಕೋಶ ಕೆಡಿಸುವ ರೋಗ.

ನಿನ್ನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿರುವ ಹೆಕ್ಸ್‌ಎ ಜೀನ್ 15ನೇ ವರ್ಣತಂತುವಿನಲ್ಲಿದೆ. ಸುಮಾರು 35,000 ಡಿಎನ್‌ಎ ಅಕ್ಷರದ ಉದ್ದ, 14 ಎಕ್ಸಾನ್, ಅಂದರೆ ನಕಲಾದ ಮೇಲೂ ಉಳಿಯುವ ತುಂಡುಗಳು. ಅಷ್ಟುದ್ದದಲ್ಲಿ ಪ್ರೋಟೀನಿಗೆ ಬೇಕಾದ ಬರಹ 1,600 ಅಕ್ಷರಕ್ಕೂ ಕಡಿಮೆ. ಮಿಕ್ಕದ್ದು ಬಹುಪಾಲು ಇಂಟ್ರಾನ್, ನಕಲಾದ ಮೇಲೆ ಕತ್ತರಿಸಿ ಹೋಗುವಂಥದ್ದು. ಈ ಜೀನಿನಿಂದ ಆಗುವುದು ಕೊಬ್ಬು ಒಡೆಯುವ ಕಿಣ್ವದ ಒಂದು ಭಾಗ, ಆಲ್ಫಾ ಉಪಘಟಕ ಮಾತ್ರ. ಬೀಟಾ 5ನೇ ವರ್ಣತಂತುವಿನ ಹೆಕ್ಸ್‌ಬಿ ಜೀನಿನಿಂದ ಬರಬೇಕು. ಎರಡೂ ಜೋಡಿಯಾದರೇನೇ ನರಕೋಶದಲ್ಲಿ ಜಿಎಂ2 ಎಂಬ ಕೊಬ್ಬು ಒಡೆಯುವುದು.

11ನೇ ಎಕ್ಸಾನಿನಲ್ಲಿ ಹೆಚ್ಚಾಗಿ ಸೇರಿಕೊಂಡ ಟಿ-ಎ-ಟಿ-ಸಿ ನನ್ನಿಂದ ಬಂದದ್ದು. ಮೂರು ಮೂರು ಅಕ್ಷರ ಕೂಡಿಸಿ ಓದುವ ಬರಹ ಅದು. ಮೂರೇ ಸೇರಿದ್ದರೆ ಓದಿನ ಸಾಲು ತಪ್ಪುತ್ತಿರಲಿಲ್ಲ. ನಾಲ್ಕಾದದ್ದಕ್ಕೆ ಮುಂದಿನದೆಲ್ಲ ಕೆಟ್ಟು, ಅಕಾಲದಲ್ಲಿ ನಿಲುಗಡೆ. ಅಮ್ಮನದು ಬೇರೆ, 12ನೇ ಇಂಟ್ರಾನಿನ ಮೊದಲ ಅಕ್ಷರ. ಕತ್ತರಿಸುವ ಗುರುತೇ ಅಳಿಸಿದೆ. ಅಣ್ಣನಿಗೆ ಎರಡೂ ಸಿಕ್ಕವು. ನಿನಗೆ ನನ್ನದೊಂದೇ.

ಐದು ತಿಂಗಳಲ್ಲಿ ಅವನು ಚಮಚ ಬಿದ್ದರೆ ಬೆಚ್ಚುತ್ತಿದ್ದ. ಬಾಗಿಲು ಮೆಲ್ಲಗೆ ಹಾಕಿದರೂ ಬೆಚ್ಚುತ್ತಿದ್ದ, ಎರಡೂ ಕೈ ಚಾಚಿ. ಎಂಥ ಚುರುಕು ಕಿವಿ ಅಂತ ನನಗೆ ಜಂಬ. ಮನೆಗೆ ಬಂದವರೆದುರು ಚಪ್ಪಾಳೆ ತಟ್ಟಿ ತೋರಿಸುತ್ತಿದ್ದೆ. ಮತ್ತೊಮ್ಮೆ ತಟ್ಟಿ ಅನ್ನೋರು, ತಟ್ಟುತ್ತಿದ್ದೆ. ಕಣ್ಣಿನ ಡಾಕ್ಟರು ಒಳಗಿನ ಕೆಂಪು ಚುಕ್ಕೆ ನೋಡಿ ಮೊದಲು ಕೇಳಿದ್ದೇ, ಸದ್ದಿಗೆ ಬೆಚ್ಚುತ್ತಾನಾ ಎಂದು. ಇಷ್ಟು ವರ್ಷವಾದರೂ ಯಾರಾದರೂ ಚಪ್ಪಾಳೆ ಹೊಡೆದರೆ ಎದ್ದು ಹೊರಗೆ ಹೋಗುತ್ತೇನೆ. ನಿನ್ನ ಪದವಿ ಸಮಾರಂಭದಲ್ಲೂ ಹಾಗೇ ಆಯಿತು. ಬೇಜಾರಾಗಿ ಎದ್ದೆ ಅಂದುಕೊಂಡಿದ್ದೆಯಲ್ಲ.

ಯಾರೂ ಹೇಳದೆ ಮದುವೆಗೆ ಮೊದಲೇ ನೀನು ರಕ್ತ ಕೊಟ್ಟು ಬಂದೆ. ನನ್ನಿಂದ ಆಗದ ಕೆಲಸ ಅದು. ಇನ್ನು ಆ ಹುಡುಗನದ್ದೂ ಆಗಲಿ. ಒಬ್ಬರೇ ಕ್ಯಾರಿಯರ್, ಅಂದರೆ ನಿನ್ನಂತೆ ಒಂದೇ ಕೆಟ್ಟ ಪ್ರತಿ ಹೊತ್ತವರು, ಆದರೆ ಮಗುವಿಗೆ ರೋಗದ ಭಯವಿಲ್ಲ. ಇಬ್ಬರೂ ಆದರೆ ಪ್ರತಿ ಬಸಿರಿಗೂ ನಾಲ್ಕರಲ್ಲೊಂದು. ಒಮ್ಮೆ ಬಂತು, ಇನ್ನು ಮೂರು ಪಾರು ಅನ್ನುವ ಲೆಕ್ಕ ಅಲ್ಲ. ಬಸಿರಾದ ಮೇಲೆ ನೋಡೋಣ ಅನ್ನಬೇಡ, ಆಗ ರಕ್ತದ ಸೀರಂನಲ್ಲಿ ಕಿಣ್ವದ ಅಳತೆ ದಾರಿ ತಪ್ಪಿಸುತ್ತದೆ, ಬಿಳಿ ರಕ್ತಕಣದಲ್ಲೇ ನೋಡಬೇಕು... ನೋಡು, ಪಾಠ ಶುರುವಾಯಿತು.

ನೀನು ಹೊಟ್ಟೆಯಲ್ಲಿದ್ದಾಗಲೇ ಪರೀಕ್ಷೆ ಮಾಡಿಸಿದ್ದೆವು. ರೋಗವಿಲ್ಲ, ಕ್ಯಾರಿಯರ್ ಎಂದು ಅಂದೇ ಗೊತ್ತಿತ್ತು. ಹೇಳದ್ದು ತಪ್ಪು. ಗೊತ್ತಿದ್ದೂ ರಾತ್ರಿ ತೊಟ್ಟಿಲ ಹತ್ತಿರ ಬಂದು ಮೆಲ್ಲಗೆ ಒಂದು ಚಪ್ಪಾಳೆ ತಟ್ಟುತ್ತಿದ್ದೆ. ನೀನು ಮುಖ ಸಿಂಡರಿಸಿ, ಮಗ್ಗುಲಾಗಿ, ಮತ್ತೆ ನಿದ್ದೆ ಹೋಗುತ್ತಿದ್ದೆ.

ನಿನ್ನ ಅಪ್ಪ