ಕನ್ನಡಿ ಗೋಡೆಯ ಮುಂದೆ ನಿಂತು

ಪ್ರೀತಿಯ ಗೆಳೆಯ,

ಸಿಗಿರಿಯ ಹತ್ತಿ ಇಳಿದು ಬಂದೆ. ಮಂಡಿಗಳು ಸ್ವಸ್ಥಾನದಲ್ಲಿವೆ. ಮೇಷ್ಟ್ರ ಛತ್ರಿಯಾಣೆ, ದಾರಿಯಲ್ಲಿ ಎಲ್ಲಿಯೂ ಕುಳಿತುಕೊಳ್ಳಲಿಲ್ಲ.

ಶ್ರೀಲಂಕಾದ ಆ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ ಐದನೇ ಶತಮಾನದ ಕಾಶ್ಯಪ, ತಂದೆಯ ಪಟ್ಟ ಕಿತ್ತುಕೊಂಡು ಅವನನ್ನು ಕೊಲ್ಲಿಸಿದವನು. ಅವನ ಕಥೆ ಬಿಡು, ಬಂಡೆಯ ಪೊಟರೆಯಲ್ಲಿ ಉಳಿದಿರುವ ಹೆಂಗಸರನ್ನು ನೋಡಬೇಕು ನೀನು. ಸುರುಳಿ ಮೆಟ್ಟಿಲು ಹತ್ತಿ ತಲೆಯೆತ್ತಿದರೆ, ಸೊಂಟದವರೆಗೆ ಮೋಡದಲ್ಲಿ ಮುಳುಗಿ, ಕೈಯಲ್ಲಿ ಹೂ ಹಿಡಿದು ನಿಂತಿದ್ದಾರೆ. ಒಬ್ಬಳಿಗೆ ಒಂದು ಕೈ ಹೆಚ್ಚು! ಮೊದಲು ಬರೆದ ಕೈ ಮನಸ್ಸಿಗೆ ಬಾರದೆ ಚಿತ್ರಗಾರ ತಿದ್ದಿದ್ದನಂತೆ. ಅದು ಈಗ ಹೊರಗೆ ಇಣುಕಿದೆ.

1967ರ ಅಕ್ಟೋಬರಿನಲ್ಲಿ ಯಾರೋ ಇವರ ಮೈಮೇಲೆ ಹಸಿರು ಬಣ್ಣ ಬಳಿದು ಹೋದರು. ಇಟಲಿಯ ಚಿತ್ರ ಸಂರಕ್ಷಣಾ ತಜ್ಞ ಲುಚಿಯಾನೊ ಮರಾಂಜಿ ಬಂದು ಲಂಕೆಯ ತಜ್ಞರೊಂದಿಗೆ ಕೂಡಿ ಅದನ್ನು ತೆಗೆದರು. ಎಂಥ ಕೆಲಸ ಯೋಚಿಸು: ಒಂದೂವರೆ ಸಾವಿರ ವರ್ಷದ ಬಣ್ಣ ಅಲುಗದಂತೆ ಅದರ ಮೇಲಿನ ನಿನ್ನೆಯ ಬಣ್ಣವನ್ನಷ್ಟೇ ಎಬ್ಬಿಸಬೇಕು. ಕೈ ಕೊಂಚ ಬಿರುಸಾದರೆ ಮೂಗು ಹೋಯಿತು, ಅಳುಕಿದರೆ ಹಸಿರು ಅಲ್ಲೇ ಉಳಿಯಿತು.

ಪೊಟರೆಯ ಕೆಳಗೆ ಕನ್ನಡಿ ಗೋಡೆ. ಇಟ್ಟಿಗೆಯ ಮೇಲೆ ಸುಣ್ಣದ ಗಾರೆ ಮೆತ್ತಿ ಉಜ್ಜಿ ಹೊಳಪು ಬರಿಸಿದ್ದು. ಸಾವಿರ ವರ್ಷದ ಹಿಂದೆ ಬಂದ ಯಾತ್ರಿಕರು ಮೇಲಿನ ಸುಂದರಿಯರಿಗೆ ಅದರ ಮೇಲೆ ಪದ್ಯ ಗೀಚಿದ್ದಾರೆ. ಪರಣವಿತಾನ ಎಂಬ ವಿದ್ವಾಂಸರು ಅವುಗಳಲ್ಲಿ 685ನ್ನು ಓದಿ 1956ರಲ್ಲಿ ಪ್ರಕಟಿಸಿದರು. ಹಸಿರು ಬಳಿದದ್ದು ಅಪರಾಧ, ಇದು ಪರಂಪರೆ. ಇಂದು ನಾನೊಂದು ಗೆರೆ ಎಳೆದರೆ ಪೊಲೀಸರು ಬರುತ್ತಾರೆ. ಬರಲೇಬೇಕು, ತಕರಾರಿಲ್ಲ. ಆದರೂ ಜೇಬಿನಲ್ಲಿದ್ದ ಬೀಗದ ಕೈ ತಾನಾಗಿ ಬೆರಳಿಗೆ ಸಿಕ್ಕಿತು, ಮಾರಾಯ.

ಗೀಚಲಿಲ್ಲ. ಆ ಚಪಲ ಹೊಸದಲ್ಲ ಎಂಬುದೇ ಕಸಿವಿಸಿ. ಏನಾದರೊಂದು ಬರೆದು ಎಲ್ಲರ ಮುಂದಿಟ್ಟು, ಯಾರು ನೋಡಿದರೆಂದು ನಡುರಾತ್ರಿ ಎದ್ದು ಮೊಬೈಲ್ ತಡಕುವವನು ನಾನು. ಅಪ್ಪ ಹೋದ ದಿನವೂ ಬರೆದೆ. ನೀವೆಲ್ಲ ಓದಿ ಅತ್ತಿರಿ. ನಾನು ಮಾತ್ರ ಮೂರನೆಯ ವಾಕ್ಯ ತಿದ್ದುತ್ತಾ ಕುಳಿತಿದ್ದೆ, ಅಳು ಬಂದದ್ದು ಆಮೇಲೆ. ಅದು ಬಂದದ್ದು ಅಪ್ಪನಿಗಾಗಿಯೋ, ನಿಮ್ಮ ಮಾತುಗಳನ್ನು ಓದಿಯೋ, ಇಂದಿಗೂ ಬಗೆಹರಿದಿಲ್ಲ. ಈ ಪತ್ರವನ್ನೂ ಲಕೋಟೆಗೆ ಹಾಕಿ ನಿನಗೊಬ್ಬನಿಗೇ ಕಳುಹಿಸಬಹುದಿತ್ತು.

ಇರಲಿ, ಸುಂದರಿಯರ ಸುದ್ದಿ ಹೇಳಹೊರಟವನು ಎಲ್ಲಿಗೋ ಬಂದೆ. ಅಲ್ಲಿ ಕಣಜಗಳ ಕಾಟ. ಸದ್ದು ಮಾಡಬೇಡಿ ಎಂದು ಫಲಕ ಹಾಕಿದ್ದಾರೆ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ನಿನ್ನ ಹೆಂಡತಿ ಖಂಡಿತ ನಂಬುವುದಿಲ್ಲ, ಹೇಳಬೇಡ. ಮತ್ತೆ, ಉಳಿದವರಂತೆ ಇದಕ್ಕೊಂದು ಹೆಬ್ಬೆಟ್ಟು ಒತ್ತಿ ಜಾರಿಕೊಳ್ಳಬೇಡ. ಬೈಯುವುದಿದ್ದರೆ ಫೋನ್ ಮಾಡು. ಹೊಗಳುವುದಿದ್ದರೆ ಇಲ್ಲಿಯೇ, ನಾಲ್ಕು ಜನ ನೋಡುವ ಹಾಗೆ ಬರೆ.

ನಿನ್ನ,
ಛತ್ರಿ ಕಳೆದವನು